ಮೊದಲ ಮೀನು

ಜನಕಪುರಿಯ ಮೂರನೇ ಮಹಡಿಯ ಫ್ಲ್ಯಾಟಿಗೆ ಸಮುದ್ರ ತರುವುದು ಅಂದುಕೊಂಡಷ್ಟು ಕಷ್ಟವಲ್ಲ. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ನೂರು ಲೀಟರಿನ ತೊಟ್ಟಿಗೆ ಮೂರೂವರೆ ಕಿಲೋ ಉಪ್ಪು. ಅಡುಗೆ ಉಪ್ಪಲ್ಲ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಬೆರೆತು ಬಕೆಟ್ಟಿನಲ್ಲಿ ಬರುವ ದುಬಾರಿ ಉಪ್ಪು. ನಲ್ಲಿಯ ನೀರು ಆಗದು. ಅಡುಗೆಮನೆಯ ಆರ್‌ಓ ನೀರೂ ಸಾಲದು, ಅದನ್ನು ಮತ್ತೊಂದು ಫಿಲ್ಟರಿನಲ್ಲಿ ಹಾಯಿಸಿ ಟಿಡಿಎಸ್ ಸೊನ್ನೆಗೆ ಇಳಿಸಬೇಕು. ಬೇಸಿಗೆಯಲ್ಲಿ ಬಾವಿಗೆ ಉಪ್ಪುನೀರು ನುಗ್ಗಿತೆಂದು ಅಜ್ಜಿ ಶರಾವತಿಗೂ ಕಡಲಿಗೂ ಸೇರಿಸಿ ಶಾಪ ಹಾಕುವುದನ್ನು ಕೇಳುತ್ತ ಹೊನ್ನಾವರದಲ್ಲಿ ಬೆಳೆದ ನಾನು, ದಿಲ್ಲಿಯಲ್ಲಿ ಕೂತು ಸಿಹಿನೀರನ್ನು ಇನ್ನಷ್ಟು ಸಿಹಿ ಮಾಡಿ, ಆಮೇಲೆ ದುಡ್ಡು ಕೊಟ್ಟು ಅದಕ್ಕೆ ಉಪ್ಪು ಹಾಕುತ್ತಿದ್ದೆ.

'ಕಡಲು ಬೇಕಿದ್ರೆ ಮಂಗಳಾ ಎಕ್ಸ್‌ಪ್ರೆಸ್ಸಿನ ಟಿಕೇಟು ಇದಕ್ಕಿಂತ ಅಗ್ಗ ಅಲ್ದಾ?' ಎಂದಳು ಅಮ್ಮ ಫೋನಿನಲ್ಲಿ. ಉತ್ತರ ಇರಲಿಲ್ಲ.

ನೀರು, ಮರಳು, ಕಲ್ಲು ಎಲ್ಲ ಸೇರಿದ ಮೇಲೂ ಅದು ಸಮುದ್ರವಾಗುವುದಿಲ್ಲ. ಮೀನಿನ ಮಲದಿಂದ, ತಿನ್ನದೆ ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಾ ಕೊಲ್ಲುತ್ತದೆ, ನೈಟ್ರೇಟನ್ನು ಮೀನು ಒಂದು ಮಟ್ಟದವರೆಗೆ ತಾಳಿಕೊಳ್ಳುತ್ತದೆ. ಈ ಬ್ಯಾಕ್ಟೀರಿಯಾಗಳು ಕಲ್ಲು ಮರಳಿನಲ್ಲಿ ಸಾಕಷ್ಟು ನೆಲೆಯೂರಲು ನಾಲ್ಕಾರು ವಾರ ಬೇಕು. ಆದರೆ ಅವಕ್ಕೆ ಉಣ್ಣಲು ಮೊದಲಿಂದಲೂ ಅಮೋನಿಯಾ ಬೇಕು. ಯಾರು ಕೊಡಬೇಕು?

ಅಂಗಡಿಯವನ ಬಳಿ ಉತ್ತರ ಸಿದ್ಧವಿತ್ತು. 'ಪೆಹಲೇ ದೋ ಡ್ಯಾಮ್ಸೆಲ್ ಡಾಲೋ. ಮರ್ ಗಯೀ ತೋ ಮರ್ ಗಯೀ.' ಹೆಬ್ಬೆರಳಿನಷ್ಟು ಉದ್ದದ, ಇಂಕಿನಂತೆ ನೀಲಿಯಾದ ಎರಡು ಮೀನು. ಇರುವುದರಲ್ಲಿ ಅಗ್ಗ, ಗಟ್ಟಿ ಜೀವ. ಅವು ಬದುಕಿದರೆ ನೀರು ಪಕ್ವವಾಯಿತೆಂದು ಅರ್ಥ, ಆಮೇಲೆ ನಿಮಗೆ ನಿಜವಾಗಿ ಬೇಕಾದ ಮೀನು ತನ್ನಿ. ಇದು ಅವನೊಬ್ಬನ ಕ್ರೌರ್ಯವಲ್ಲ, ಈ ಹವ್ಯಾಸದಲ್ಲಿ ಬಹುಕಾಲ ನಡೆದುಬಂದ ಪದ್ಧತಿ. ನಾನೂ ಎರಡು ಪಾಲಿಥೀನ್ ಚೀಲ ಹಿಡಿದು ಮೆಟ್ರೋ ಹತ್ತಿದೆ.

ಒಂಬತ್ತನೇ ದಿನ ಬೆಳಿಗ್ಗೆ ಒಂದು ಮೀನು ಕಲ್ಲಿನ ಸಂದಿಯಲ್ಲಿ ಒರಗಿಕೊಂಡು ಬೇಗಬೇಗ ಕಿವಿರು ಬಡಿಯುತ್ತಿತ್ತು. ಆಫೀಸಿಗೆ ಹೋದೆ. ಸಂಜೆ ಬಂದಾಗ ಸತ್ತಿತ್ತು.

ಇಷ್ಟಕ್ಕೆ ಯಾಕೆ ಮನಸ್ಸು ಕೆಡಿಸಿಕೊಳ್ಳಬೇಕು ಎಂದು ನನ್ನನ್ನೇ ಕೇಳಿಕೊಂಡೆ. ನಾನು ಬಂಗುಡೆ ತಿಂದು ಬೆಳೆದ ಜೀವ. ಹಿಂದಿನ ಭಾನುವಾರವಷ್ಟೇ ಐಎನ್ಎ ಮಾರ್ಕೆಟ್ಟಿನಿಂದ ತಂದು ಸಾರು ಮಾಡಿದ್ದೆ. ಬಲೆಯಲ್ಲಿ ಉಸಿರುಗಟ್ಟಿ ಸತ್ತ ಬಂಗುಡೆಗೆ ಒಂದು ಕ್ಷಣವೂ ಮರುಗದವರು ನೀಲಿ ಮೀನಿಗೆ ಮರುಗುವುದು ಬರೀ ಬಣ್ಣದ ಮೋಹ ಅಲ್ಲವೇ? ಗೆಳೆಯನೊಬ್ಬ ಹಾಗೇ ಅಂದ. ಅವನ ಮಾತನ್ನು ತಳ್ಳಿಹಾಕಲು ಸುಮಾರು ದಿನ ಹೆಣಗಿದೆ, ಪೂರ್ತಿ ಆಗಲಿಲ್ಲ.

ಆದರೂ ಒಂದು ವ್ಯತ್ಯಾಸ ಕಾಣುತ್ತದೆ. ಬಂಗುಡೆ ಕಡಲಲ್ಲಿ ತನ್ನ ಪಾಡಿಗೆ ತಾನಿತ್ತು, ಅದರ ನೀರಿಗೆ ನಾನು ಜವಾಬ್ದಾರನಾಗಿರಲಿಲ್ಲ. ನೀಲಿ ಮೀನಿಗೆ ನಾನೇ ನೀರು, ನಾನೇ ಹವೆ, ನಾನೇ ಹಗಲು ರಾತ್ರಿ. ಕಡಲಿನಲ್ಲಿ ಅದರ ಹೇಸಿಗೆಯನ್ನು ಅಲೆ ಒಯ್ಯುತ್ತಿತ್ತು. ಇಲ್ಲಿ ಅದು ತನ್ನದೇ ಹೇಸಿಗೆಯಲ್ಲಿ ಸತ್ತಿತು, ಯಾಕೆಂದರೆ ಹೊರಗೆ ಹೋಗುವ ದಾರಿಯನ್ನು ಗಾಜು ಹಾಕಿ ಮುಚ್ಚಿದವರು ನಾವು. ಇನ್ನೂ ಚುಚ್ಚುವ ಸಂಗತಿಯೆಂದರೆ ಅದರ ಸಾವಿನಿಂದ ನನಗೆ ಸಿಕ್ಕಿದ್ದು ಹೊಟ್ಟೆಗೆ ಊಟವಲ್ಲ, ಒಂದು ಮಾಹಿತಿ: ನೀರು ಇನ್ನೂ ಆಗಿಲ್ಲ. ಅದೇ ಮಾಹಿತಿಯನ್ನು ಪರೀಕ್ಷಾ ಕಿಟ್‌ನ ನಾಲ್ಕು ಹನಿ ದ್ರಾವಣ ಬಣ್ಣ ಬದಲಿಸಿ ಹೇಳುತ್ತದೆ. ಬ್ಯಾಕ್ಟೀರಿಯಾಕ್ಕೆ ಬೇಕಾದ ಅಮೋನಿಯಾವನ್ನು ಒಂದು ತುಂಡು ಹಸಿ ಸಿಗಡಿ ಕೊಳೆತು ಕೊಡುತ್ತದೆ. ಸತ್ತ ಸಿಗಡಿ ಮಾಡಬಹುದಾದ ಕೆಲಸಕ್ಕೆ ಬದುಕಿದ್ದ ಮೀನನ್ನು ಹಚ್ಚಿದ್ದೆ, ಆರು ವಾರ ಖಾಲಿ ತೊಟ್ಟಿ ನೋಡುತ್ತ ಕೂರುವ ತಾಳ್ಮೆ ಇರಲಿಲ್ಲವೆಂದು.

ಮೊದಲು ಹೋಗುವವರು ಹಿಂದೆ ಬರುವವರಿಗೆ ನೀರು ಹದ ಮಾಡುವುದು ನಮ್ಮಂಥ ವಲಸಿಗರಿಗೆ ಹೊಸದಲ್ಲ. ನಮಗಿಂತ ಎಷ್ಟೋ ಮೊದಲು ದಿಲ್ಲಿಗೆ ಬಂದವರು ಒಂದು ಕೋಣೆಯಲ್ಲಿ ಐದಾರು ಜನ ಮಲಗಿ, ಸಂಘ ಕಟ್ಟಿ, ಶಾಲೆ ತೆರೆದು, ಹುಣಸೆಹಣ್ಣು ಎಲ್ಲಿ ಸಿಗುತ್ತದೆಂದು ಕಂಡುಹಿಡಿದರು. ನಾವು ಸಿದ್ಧವಾದ ನೀರಿಗೆ ಇಳಿದವರು. ಈ ಹೋಲಿಕೆ ಹೊಳೆದಾಗ ಸ್ವಲ್ಪ ಸಮಾಧಾನವಾಯಿತು, ಅದಕ್ಕೇ ಅನುಮಾನವೂ ಬಂತು. ಅವರು ಟಿಕೇಟು ತೆಗೆಸಿಕೊಂಡು ಬಂದವರು. ಮೀನನ್ನು ಚೀಲದಿಂದ ಸುರಿಯಲಾಗಿತ್ತು.

ಎರಡು ತಿಂಗಳ ಮೇಲೆ, ಹವಳದ ವಿಚಾರ. ಇನ್ನೊಂದು ಅಂಗಡಿಯಲ್ಲಿ ಕೌಂಟರಿನ ಕೆಳಗಿಂದ ಡಬ್ಬವೊಂದು ಬಂತು. ಒಳಗೆ ಬೆರಳುದ್ದದ ಕವಲೊಡೆದ ಕಲ್ಲುಹವಳ, ತುದಿಯಲ್ಲಿ ತಿಳಿನೇರಳೆ. ಬಿಲ್ ಇಲ್ಲ. ನಮ್ಮಲ್ಲಿ ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿ ಇರುವ ಅದೇ ಪಟ್ಟಿಯಲ್ಲಿ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಐದು ನಿಮಿಷ ಡಬ್ಬ ಹಿಡಿದು ನಿಂತೆ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಮುಳುಗಿದಾಗ ಕಂಡ ಹವಳ ನೆನಪಾಯಿತು. ಅಲ್ಲಿ ಅದನ್ನು ಮುಟ್ಟಬಾರದೆಂದು ಗೈಡ್ ಸನ್ನೆ ಮಾಡಿದ್ದ, ಮುಟ್ಟಿರಲಿಲ್ಲ. ಇಲ್ಲಿ ಯಾರೂ ನೋಡುತ್ತಿರಲಿಲ್ಲ. ವಾಪಸು ಕೊಟ್ಟೆ. ಕಾನೂನಿಗೆ ಹೆದರಿಯೋ, ಆ ನೀಲಿ ಮೀನಿನ ಕಾರಣಕ್ಕೋ, ಈಗಲೂ ಬಿಡಿಸಿ ಹೇಳಲಾರೆ.

ಹಾಗಾಗಿ ನನ್ನದು ಹವಳವಿಲ್ಲದ ಹವಳದ ತೊಟ್ಟಿ. ಕೋಡಂಗಿ ಮೀನುಗಳನ್ನು ತಂದಿದ್ದೇನೆ, ತೊಟ್ಟಿಯಲ್ಲೇ ಹುಟ್ಟಿದವು. ಮಂಡಪಂನಲ್ಲಿ, ವಿಳಿಂಜಂನಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಇವನ್ನು ಮೊಟ್ಟೆಯಿಂದ ಬೆಳೆಸುವ ವಿಧಾನ ಕಂಡುಕೊಂಡಿದ್ದಾರೆ. ಫಿಲಿಪ್ಪೀನ್ಸಿನಲ್ಲಿ, ಇಂಡೊನೇಷ್ಯಾದಲ್ಲಿ ಸಯನೈಡ್ ಚಿಮ್ಮಿಸಿ ಬಂಡೆಯ ಮೀನನ್ನು ಮೂರ್ಛೆಗೊಳಿಸಿ ಹಿಡಿದ ಕಥೆಗಳನ್ನು ಓದಿದ ಮೇಲೆ ಇದೇ ಸರಿಯೆನಿಸಿತು. ಆದರೆ ಎಲ್ಲರೂ ಹೀಗೇ ಮಾಡಿದರೆ, ಕೈಬಲೆಯಿಂದ ಜೋಪಾನವಾಗಿ ಮೀನು ಹಿಡಿದು ಬಂಡೆಯನ್ನು ಉಳಿಸಿಕೊಂಡು ಬಂದ ದ್ವೀಪದ ಜನರ ಅನ್ನ ಹೋಗುತ್ತದೆ ಎನ್ನುವವರಿದ್ದಾರೆ. ಆ ಮಾತಿಗೂ ತೂಕವಿದೆ.

ಜೂನ್‌ನಲ್ಲಿ ಊರಿಗೆ ಹೋಗಲಿಲ್ಲ. ಹೊರಗೆ 45 ಡಿಗ್ರಿ, ತೊಟ್ಟಿ 26ರ ಆಸುಪಾಸಿನಲ್ಲಿರಬೇಕು. ಒಂದು ರಾತ್ರಿ ಎರಡು ಗಂಟೆಗೆ ಕರೆಂಟು ಹೋಗಿ ಇನ್ವರ್ಟರೂ ಕೈಕೊಟ್ಟಿತು. ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಗಳನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಉಸಿರಾಡಲು ಗಾಳಿ ಸೇರಲೆಂದು ಲೋಟದಲ್ಲಿ ನೀರು ಮೊಗೆದು ಮೇಲಿಂದ ಹೊಯ್ಯುತ್ತ ಕೂತೆ. ಮೊಬೈಲ್ ಬೆಳಕಿನಲ್ಲಿ ಕೋಡಂಗಿಗಳು ಮೂಲೆಯಲ್ಲಿ ಅಂಟಿಕೊಂಡಿದ್ದವು. ಉಳಿದ ಆ ಒಂದು ಡ್ಯಾಮ್ಸೆಲ್ ಮಾತ್ರ, ತೊಟ್ಟಿಯೆಲ್ಲ ತನ್ನದೆಂದು ತಿಳಿದು ಹೊಸಬರನ್ನು ಅಟ್ಟಿಸಿಕೊಂಡು ಹೋಗುವ ಆ ಜಗಳಗಂಟಿ, ಲೋಟ ಹಿಡಿದ ನನ್ನ ಬೆರಳಿಗೆ ಬಂದು ಬಂದು ಕಚ್ಚುತ್ತಿತ್ತು. ಕೈ ಹಿಂದೆಗೆಯದೆ ಹೊಯ್ಯುತ್ತಲೇ ಇದ್ದೆ.