ಪಾಳುಮನೆಯ ಹೊನ್ನು ಯಾರದು?

ಊರಿನಲ್ಲಿ ಬೀಗ ಹಾಕಿದ ಮನೆಯೊಂದು ಇರುವುದು ನಮ್ಮ ಹೈದರಾಬಾದಿನ ಕನ್ನಡಿಗರಲ್ಲಿ ಅಪರೂಪವೇನಲ್ಲ. ರಾಯಚೂರು, ಕಲಬುರ್ಗಿ, ಬೀದರಗಳ ಕಡೆಯಿಂದ ಓದಿಗೋ ನೌಕರಿಗೋ ಬಂದವರು ಇಲ್ಲಿಯೇ ನೆಲೆಸಿದರು. 1956ರಲ್ಲಿ ಗಡಿ ಬದಲಾದಾಗ ನೌಕರಿ ಈಚೆ ಉಳಿಯಿತು, ಮನೆ ಆಚೆ ಉಳಿಯಿತು. ಹಿರಿಯರು ಇರುವ ತನಕ ಹಬ್ಬಕ್ಕೆ ಹೋಗಿ ಬರುತ್ತೇವೆ. ಅವರ ನಂತರ ಮಾಳಿಗೆಯ ಮೇಲೆ ಹುಲ್ಲು ಬೆಳೆಯುತ್ತದೆ, ಜಂತಿಗೆ ಗೆದ್ದಲು ಹತ್ತುತ್ತದೆ. ಆಮೇಲೆ ಆ ಮನೆಯಲ್ಲಿ ನಿಧಿ ಇದೆಯೆಂಬ ಮಾತು ಹುಟ್ಟುತ್ತದೆ.

ಲಿಂಗಸುಗೂರು ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯೂ ಇಂಥದೇ. ಅಜ್ಜಿ 1994ರಲ್ಲಿ ತೀರಿಕೊಂಡ ಮೇಲೆ ಅದಕ್ಕೆ ಬೀಗ ಬಿದ್ದಿತು. 2025ರ ದೀಪಾವಳಿಯ ರಜೆಯಲ್ಲಿ ಕಾಕಾನ ಮಗ, ನನ್ನ ತಮ್ಮ, ಪರಿಚಯದವರೊಬ್ಬರಿಂದ ಒಂದು ಮೆಟಲ್ ಡಿಟೆಕ್ಟರ್ ತಂದಿದ್ದ. "ಅಣ್ಣಾ, ಅಜ್ಜ ಹುಗಿದಿಟ್ಟ ಡಬ್ಬಿ ಅಲ್ಲೇ ಐತಿ. ಗ್ವಾಡಿ ಬೀಳೂದ್ರಾಗ ಒಮ್ಮೆ ನೋಡಿಬಿಡೂಣು" ಎಂದ. ನಾನೂ ಹೊರಟೆ. ಬಿ.ಎಸ್‌ಸಿ. ಓದಿದವನಿಗೆ ಯಂತ್ರದ ಕುತೂಹಲ ಎಂದು ಮನೆಯಲ್ಲಿ ಹೇಳಿದೆನಾದರೂ, ಆಸೆಯೂ ಇತ್ತೆಂದು ಇಲ್ಲಿ ಒಪ್ಪಿಕೊಳ್ಳಬೇಕು.

ಡಬ್ಬಿಯ ಕತೆ ಮನೆಯವರಿಗೆಲ್ಲ ಗೊತ್ತಿದ್ದದ್ದೇ. 1948ರಲ್ಲಿ ರಜಾಕಾರರ ಹಾವಳಿಗೆ ಹೆದರಿ ಗಡಿಯ ಅನೇಕ ಊರುಗಳ ಜನ ರಾತ್ರೋರಾತ್ರಿ ಮನೆ ಬಿಟ್ಟರು. ನಮ್ಮ ಅಜ್ಜನೂ ಹೆಂಡತಿ ಮಕ್ಕಳನ್ನು ಬಂಡಿಯಲ್ಲಿ ಕೂರಿಸಿಕೊಂಡು ಗದಗದ ಕಡೆ ಹೋದ. ಹೊರಡುವ ಮುನ್ನ ಡಬ್ಬಿಯನ್ನು ಎಲ್ಲೋ ಹುಗಿದಿದ್ದ. ಅಲ್ಲಿಯೇ ಜ್ವರ ಬಂದು ತೀರಿಕೊಂಡ. ಪೊಲೀಸ್ ಕಾರ್ಯಾಚರಣೆಯ ನಂತರ ಅಜ್ಜಿ ಎರಡು ಮಕ್ಕಳೊಡನೆ ಹಿಂದಿರುಗಿದಳು. ಜಾಗ ಆಕೆಗೆ ತಿಳಿದಿರಲಿಲ್ಲ.

ಯಂತ್ರದ ವಿಷಯ ಎರಡು ಮಾತು. ಅದರ ತಳದ ತಂತಿಸುರುಳಿಯಲ್ಲಿ ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್ತು ನೆಲದೊಳಗೆ ಕಾಂತಕ್ಷೇತ್ರವನ್ನು ಕಳಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರೊಳಗೆ ಸಣ್ಣ ಸುಳಿಪ್ರವಾಹಗಳು ಎದ್ದು, ತಮ್ಮದೇ ಒಂದು ಕ್ಷೀಣ ಕ್ಷೇತ್ರವನ್ನು ಹಿಂದಕ್ಕೆ ಕಳಿಸುತ್ತವೆ. ಯಂತ್ರ ಅದನ್ನು ಹಿಡಿದು ಕೂಗುತ್ತದೆ. ದೂರವಾಣಿಯ ಗ್ರಹಾಂ ಬೆಲ್ ಸಾಹೇಬರು 1881ರಲ್ಲಿ ಇಂಥದೇ ಉಪಕರಣದಿಂದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ದೇಹದಲ್ಲಿ ಹೊಕ್ಕಿದ್ದ ಗುಂಡನ್ನು ಹುಡುಕಲು ಯತ್ನಿಸಿದರು. ಗುಂಡು ಸಿಗಲಿಲ್ಲ, ರೋಗಿ ಮಲಗಿದ್ದ ಹಾಸಿಗೆಯ ಉಕ್ಕಿನ ತಂತಿಗಳು ಉಪಕರಣವನ್ನು ಗೊಂದಲಕ್ಕೆ ಕೆಡವಿದವೆಂದು ಹೇಳುತ್ತಾರೆ. ಲೋಹ ಇದೆಯೇ ಎಂಬುದಷ್ಟೇ ಆ ಯಂತ್ರ ಕೇಳುವ ಪ್ರಶ್ನೆ. ಯಾರದು, ಯಾಕೆ ಇಟ್ಟರು ಎಂಬುದನ್ನು ನಾವೇ ಕೇಳಬೇಕು.

ನಮಗೆ ಮೊದಲು ದೊರೆತದ್ದು ಬಾಗಿಲ ಚಿಲಕ, ಎತ್ತಿನ ಲಾಳ, ಬಂಡಿಯ ಗಾಲಿಯ ಕಬ್ಬಿಣದ ಹಳಿ, ಲೆಕ್ಕವಿಲ್ಲದಷ್ಟು ಮೊಳೆ. ಎರಡನೆಯ ದಿನ ಮಧ್ಯಾಹ್ನ, ಹಿಂದಿನ ಕಾಲಕ್ಕೆ ಜೋಳ ತುಂಬುತ್ತಿದ್ದ ಹಗೇವಿನ ಬಾಯಿಯ ಪಕ್ಕದಲ್ಲಿ, ಮೊಳದಷ್ಟು ಆಳದಲ್ಲಿ ಹಿತ್ತಾಳೆಯ ಡಬ್ಬಿ ಸಿಕ್ಕಿತು. ಒಳಗೆ ಚಾರ್‌ಮಿನಾರಿನ ಚಿತ್ರವಿರುವ 23 ಹಾಲಿ ಸಿಕ್ಕಾ ರೂಪಾಯಿಗಳು; ಒಂದು ಬೆಳ್ಳಿಯ ಉಡಿದಾರ, ಒಂದು ನತ್ತು, ಒಂದು ಜೊತೆ ಕಾಲುಂಗುರ, ಮಗುವಿನ ಕೈಯ ಒಂದು ಜೊತೆ ಬೆಳ್ಳಿ ಕಡಗ. ದಾಗಿನಗಳನ್ನು ಬೇರೆ ಬೇರೆ ಅರಿವೆಯ ಚೂರಿನಲ್ಲಿ ಗಂಟು ಕಟ್ಟಿತ್ತು. ಅರಿವೆ ಮುಟ್ಟಿದರೆ ಪುಡಿಯಾಗುತ್ತಿತ್ತು. ತಮ್ಮ ಸಂತೋಷದಿಂದ ನನ್ನ ಬೆನ್ನು ತಟ್ಟಿದ. ಬೇರೆ ಬೇರೆ ಗಂಟು ಏಕೆ ಎಂಬ ಪ್ರಶ್ನೆ ಆಗ ಇಬ್ಬರಿಗೂ ಹೊಳೆಯಲಿಲ್ಲ.

ಉತ್ತರ ಇದ್ದದ್ದು ಹೈದರಾಬಾದಿನ ನಮ್ಮ ಮನೆಯ ಟ್ರಂಕಿನಲ್ಲಿ. ಅಜ್ಜನ ಖಾತೆ ಪುಸ್ತಕವನ್ನು ಅಪ್ಪ ಕಾಯ್ದಿಟ್ಟಿದ್ದರು. ಅಜ್ಜ ಸಣ್ಣ ಪ್ರಮಾಣದಲ್ಲಿ ಒತ್ತೆ ಇಟ್ಟುಕೊಂಡು ಸಾಲ ಕೊಡುತ್ತಿದ್ದ. ಫಸಲಿ 1357, ಅಂದರೆ 1947-48ರ ಪುಟದಲ್ಲಿ ನಾಲ್ಕು ಕಲಮುಗಳು. ತೀರಿದ ಸಾಲಕ್ಕೆ ಎಳೆಯುವ ಗೆರೆ ನಾಲ್ಕಕ್ಕೂ ಇಲ್ಲ. ಮಗುವಿನ ಕಡಗದ ಮೇಲೆ 12 ರೂಪಾಯಿ. ಡಬ್ಬಿಯಲ್ಲಿದ್ದ ದಾಗಿನವೂ ನಾಲ್ಕು ಬಗೆಯವೇ. ಆಗ ಅಜ್ಜಿಯ ಮಾತು ನೆನಪಾಯಿತು. ಚಿಕ್ಕಂದಿನಲ್ಲಿ ನಾವು ಡಬ್ಬಿಯ ವಿಷಯ ಕೇಳಿದಾಗಲೆಲ್ಲ ಆಕೆ, "ಅದು ಮಂದಿ ಸಾಮಾನು. ಸಿಕ್ಕರ ಕೊಟ್ಟು ಬರೂದು" ಎನ್ನುತ್ತಿದ್ದಳು. ಡಬ್ಬಿ ಎಂಬ ಮಾತನ್ನು ಮೂವತ್ತು ವರ್ಷ ನೆನಪಿಟ್ಟೆವು. ಮಂದಿ ಎಂಬ ಮಾತನ್ನು ಮರೆತೆವು.

ತಮ್ಮನ ವಾದವನ್ನೂ ನ್ಯಾಯವಾಗಿ ಹೇಳಬೇಕು. ಸಾಲ ತೀರಿಸದಿದ್ದರೆ ಒತ್ತೆ ಇಟ್ಟದ್ದು ಸಾಲ ಕೊಟ್ಟವನಿಗೆ ಸೇರುತ್ತದೆ, ಇದು ಲೋಕರೂಢಿ, ಎಂದ. ನಾನು ಕಚೇರಿಯವನ ಚಾಳಿಯಂತೆ ಲೆಕ್ಕ ಹಾಕಿದೆ. 12 ರೂಪಾಯಿಗೆ ತಿಂಗಳಿಗೆ ನೂರಕ್ಕೆ ಒಂದರಂತೆ 77 ವರ್ಷದ ಸರಳ ಬಡ್ಡಿ ಸೇರಿಸಿದರೆ 123 ರೂಪಾಯಿಯೂ ಆಗದು. "ಚಕ್ರಬಡ್ಡಿ ಹಾಕು" ಎಂದ. ವರ್ಷಕ್ಕೊಮ್ಮೆ ಶೇಕಡಾ 12ರಂತೆ ಚಕ್ರಬಡ್ಡಿ ಹಾಕಿದರೆ 73 ಸಾವಿರ ದಾಟಿತು. ಸಾಲ ಒಂದೇ, ವರ್ಷಗಳೂ ಅಷ್ಟೇ. ಒಂದು ಲೆಕ್ಕದಲ್ಲಿ ಕಡಗ ಅವರದು, ಇನ್ನೊಂದರಲ್ಲಿ ನಮ್ಮದು. ಯಾವ ಲೆಕ್ಕ ಸರಿಯೆಂದು ಗಣಿತ ಹೇಳಲಾರದು. ನನಗೆ ಹೊಳೆದದ್ದು ಬೇರೆ. ಸಾಲಗಾರ ಹಣ ಹಿಡಿದು ನಮ್ಮ ಬಾಗಿಲಿಗೆ ಬಂದಿದ್ದರೆ ಆಗ ಅಲ್ಲಿ ಯಾರಿದ್ದರು? ಬೀಗ ಹಾಕಿಕೊಂಡು ಹೋದವರು ನಾವು. ಹಿಂದಿರುಗಿದ ಮೇಲೂ ಒತ್ತೆಯನ್ನು ಕೊಡುವ ಸ್ಥಿತಿಯಲ್ಲಿರಲಿಲ್ಲ. ತಪ್ಪಿದ್ದು ಯಾರೆಂದು ಖಾತೆ ಪುಸ್ತಕ ಬರೆದಿಲ್ಲ.

ಇನ್ನು ಕಾನೂನು. 1878ರ ಭಾರತೀಯ ನಿಕ್ಷೇಪ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿರುವ ಬೆಲೆಯುಳ್ಳ ಯಾವ ವಸ್ತುವೂ ನಿಕ್ಷೇಪವೇ. 10 ರೂಪಾಯಿಗೆ ಮೀರಿದ್ದು ಸಿಕ್ಕರೆ ಏನು ಸಿಕ್ಕಿತು, ಎಲ್ಲಿ, ಎಂದು ಎಂಬುದನ್ನು ಕಲೆಕ್ಟರರಿಗೆ ಬರೆದು ತಿಳಿಸಬೇಕು. ತಿಳಿಸದವನಿಗೆ ಒಂದು ವರ್ಷದವರೆಗೆ ಸೆರೆಮನೆ, ಇಲ್ಲವೆ ದಂಡ, ಅಥವಾ ಎರಡೂ. ನೂರು ವರ್ಷಗಳ ಒಳಗೆ ಇಂಥವರೇ ಇಟ್ಟದ್ದೆಂದು ತಿಳಿಯುವಂತಿದ್ದರೆ ಅದಕ್ಕೆ ಒಡೆಯರಿಲ್ಲವೆಂದು ಘೋಷಿಸಲಾಗದು. ನಿಜಕ್ಕೂ ಒಡೆಯರಿಲ್ಲದಿದ್ದರೆ, ಬೇರೆ ಒಪ್ಪಂದವಿಲ್ಲದಾಗ, ನಾಲ್ಕರಲ್ಲಿ ಮೂರು ಪಾಲು ಕಂಡವನಿಗೆ, ಒಂದು ಪಾಲು ಜಾಗದ ಒಡೆಯನಿಗೆ. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆ ಇದೆ. ಕಾನೂನು ಆಸೆಯನ್ನು ಬೈಯುವುದಿಲ್ಲ, ಕಂಡವನಿಗೆ ದೊಡ್ಡ ಪಾಲನ್ನೇ ಕೊಡುತ್ತದೆ. ಅದು ಮೊದಲಿಗೆ ಕೇಳುವುದು ಒಂದೇ: ಹೇಳು.

ನಿಧಿಯ ಹುಚ್ಚು ನಮ್ಮಂಥವರಿಗಷ್ಟೇ ಅಂಟಿದ್ದಲ್ಲ. 2013ರಲ್ಲಿ ನಮ್ಮ ಸೈಫಾಬಾದಿನ ಶಾಲೆಯೊಂದರ ಆವರಣದಲ್ಲಿ ಪುರಾತತ್ವ ಇಲಾಖೆಯವರೇ ಸುಳಿವು ನಂಬಿ ಅಗೆದರು. ಅದೇ ವರ್ಷ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ದೌಂಡಿಯಾ ಖೇಡಾದಲ್ಲಿ, ಸಾಧುವೊಬ್ಬರು ಕನಸಿನಲ್ಲಿ ಕಂಡ ಸಾವಿರ ಟನ್ ಬಂಗಾರಕ್ಕಾಗಿ ಸರ್ಕಾರವೇ ಗುದ್ದಲಿ ಹಿಡಿಯಿತು. ಬಂದದ್ದು ಮಡಕೆಯ ಚೂರು, ಬಳೆಯ ತುಂಡು. ಇವು ನಗುವ ಸಂಗತಿಗಳಾದವು, ಏಕೆಂದರೆ ಎಲ್ಲರ ಕಣ್ಣೆದುರಿಗೆ ನಡೆದವು. ರಾತ್ರಿಯಲ್ಲಿ ನಡೆಯುವುದು ನಗುವಂಥದಲ್ಲ. ನಮ್ಮ ಸೀಮೆಯ ಎಷ್ಟು ಪಾಳುಗುಡಿಗಳಲ್ಲಿ ನಂದಿಯನ್ನು ಉರುಳಿಸಿ, ಲಿಂಗವನ್ನು ಕಿತ್ತು, ಅಡಿಯಲ್ಲಿ ಗುಂಡಿ ತೋಡಿ ಹೋಗಿದ್ದಾರೆಂಬುದನ್ನು ನೀವೂ ಕಂಡಿರಬಹುದು. ನಿಧಿಗಾಗಿ ಅಮಾನುಷ ಕೃತ್ಯ ಎಸಗುವವರನ್ನು ತಡೆಯಲು ಕರ್ನಾಟಕ 2017ರ ಮೌಢ್ಯವಿರೋಧಿ ಕಾಯ್ದೆಯಲ್ಲಿ ಅದನ್ನು ಹೆಸರಿಸಬೇಕಾಯಿತು.

ಬಂಗಾರ ಹುಡುಕಲು ಹೋದ ಇನ್ನೊಬ್ಬನ ಕತೆಯೂ ನಮ್ಮ ತಾಲ್ಲೂಕಿನ ಸುತ್ತಿನಲ್ಲೇ ಇದೆ. 1915ರಲ್ಲಿ, ಆಗ ನಿಜಾಮ ರಾಜ್ಯದ ಭಾಗವಾಗಿದ್ದ ಮಸ್ಕಿಯಲ್ಲಿ, ಬೀಡನ್ ಎಂಬ ಗಣಿ ಎಂಜಿನಿಯರು ಹೊನ್ನಿನ ಜಾಡು ಹಿಡಿದು ಅಲೆಯುತ್ತಿದ್ದಾಗ ಬಂಡೆಯೊಂದರ ಮೇಲೆ ಬರಹವನ್ನು ಕಂಡ. ಆತನಿಗೆ ಬೇಕಾದದ್ದು ಅದಲ್ಲ. ಆದರೂ ಕಂಡದ್ದನ್ನು ತಿಳಿಸಿದ. 1914ರಲ್ಲಷ್ಟೇ ಸ್ಥಾಪನೆಯಾಗಿದ್ದ ಹೈದರಾಬಾದಿನ ಪುರಾತತ್ವ ಇಲಾಖೆ ಎಚ್. ಕೃಷ್ಣಶಾಸ್ತ್ರಿಗಳಿಂದ ಅದನ್ನು ಓದಿಸಿ ಪ್ರಕಟಿಸಿತು. 'ದೇವಾನಾಂಪ್ರಿಯ' ಎಂದಷ್ಟೇ ಶಾಸನಗಳಲ್ಲಿ ಹೇಳಿಕೊಂಡಿದ್ದ ದೊರೆಯ ಅಶೋಕ ಎಂಬ ಹೆಸರು ಮೊದಲ ಬಾರಿಗೆ ಕಾಣಿಸಿದ್ದು ಆ ಬಂಡೆಯಲ್ಲಿ. ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದಕ್ಕುತ್ತದೆ ಎಂಬುದು ಅದರ ತಾತ್ಪರ್ಯ. ಬೀಡನ್ ಸುಮ್ಮನೆ ಮುಂದಕ್ಕೆ ನಡೆದಿದ್ದರೂ ಬಂಡೆ ಅಲ್ಲೇ ಇರುತ್ತಿತ್ತು. ನಮಗೆ ಮಾತ್ರ ಆಗ ದಕ್ಕುತ್ತಿರಲಿಲ್ಲ.

ಹಾಗಾದರೆ ನೆಲದೊಳಗೆ ಸಿಕ್ಕಿದ್ದು ಯಾರದು? ಬಹಳ ಯೋಚಿಸಿ ನಾನು ಕಂಡುಕೊಂಡದ್ದು ಇಷ್ಟೆ. ಸಿಕ್ಕ ಗಳಿಗೆಯಲ್ಲಿ ಅದು ಯಾರದೆಂದು ನಿರ್ಧರಿಸುವ ಹಕ್ಕು ಸಿಕ್ಕವನಿಗೆ ಇಲ್ಲ. ಏಕೆಂದರೆ ಒಡೆಯನಿಲ್ಲ ಎಂಬ ಉತ್ತರದಿಂದ ಲಾಭ ಪಡೆಯುವವನು ಅವನೇ. ಆದ್ದರಿಂದ ಆ ಪ್ರಶ್ನೆಯನ್ನು ಇತರರ ಮುಂದೆ ಇಡಬೇಕು. ಹೇಳಿದ ಮೇಲೆ ನಮ್ಮದೆಂದು ತೀರ್ಮಾನವಾದರೆ ನೆಮ್ಮದಿಯಿಂದ ಇಟ್ಟುಕೊಳ್ಳಬಹುದು. ಹೇಳದೆ ಇಟ್ಟುಕೊಂಡದ್ದು, ನಿಜವಾಗಿ ನಮ್ಮದೇ ಆಗಿದ್ದರೂ, ಕದ್ದದ್ದರಂತೆ ಅಡಗಿಸಿ ಬಾಳಬೇಕು.

ನಾನು ಪಟ್ಟಿ ಮಾಡಿ, ಖಾತೆಯ ಪುಟದ ನಕಲು ಲಗತ್ತಿಸಿ, ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟೆ. ಡಬ್ಬಿ ಈಗ ಅಲ್ಲಿದೆ. ನಾಲ್ಕು ಮನೆತನಗಳಲ್ಲಿ ಎರಡು ಊರಲ್ಲೇ ಇವೆ. ಒಂದು ಪುಣೆಗೆ ಹೋಗಿದೆ. ನಾಲ್ಕನೆಯದರ ಗುರುತು ಹೇಳುವವರಿಲ್ಲ. ಕಡಗದ ಮನೆಯವನಿಗೆ ವಿಷಯ ತಿಳಿಸಿದಾಗ ಆತ ಬಹಳ ಹೊತ್ತು ಸುಮ್ಮನಿದ್ದು, "ನಮಗ ಗೊತ್ತೇ ಇದ್ದಿದ್ದಿಲ್ಲಲ್ರೀ ಸಾಹೇಬ್ರ. ಯಾಕ್ ಹೇಳಿದ್ರಿ?" ಎಂದು ಕೇಳಿದ. ಅವನಿಗೆ ಆಗ ಉತ್ತರ ಕೊಡಲಾಗಲಿಲ್ಲ. ನಿಮಗೆ ಗೊತ್ತಿರಲಿಲ್ಲ, ಅದಕ್ಕೇ ಹೇಳಬೇಕಾಯಿತು, ಎಂದು ಈಗ ಹೇಳಬಲ್ಲೆ.

ತಮ್ಮ ಅಂದಿನಿಂದ ಫೋನು ಮಾಡಿಲ್ಲ. ಸಂಕ್ರಾಂತಿಗೂ ಬರಲಿಲ್ಲ. ಅವನ ಮಗಳ ಕಾಲೇಜಿನ ಖರ್ಚು ನನಗೆ ಗೊತ್ತು. ಅವನ ಸಿಟ್ಟು ಅನ್ಯಾಯದ್ದೆಂದು ನಾನು ಹೇಳಲಾರೆ. 23 ರೂಪಾಯಿ ಅಜ್ಜನದೆಂದು ತೀರ್ಮಾನವಾದರೆ ನನ್ನ ಪಾಲನ್ನೂ ಅವನಿಗೇ ಕೊಡುವುದೆಂದು ಇದ್ದೇನೆ. ಅದರಿಂದ ಅವನ ಕಷ್ಟ ತೀರದೆಂಬುದು ನನಗೂ ಗೊತ್ತು.

ಊರಲ್ಲಿ ಬೀಗದ ಮನೆ ಉಳ್ಳ ಓದುಗರಲ್ಲಿ ಒಂದು ವಿನಂತಿ. ಯಂತ್ರ ತರುವ ಮುನ್ನ ಮನೆಯ ಹಳೆಯ ಟ್ರಂಕನ್ನೊಮ್ಮೆ ತೆಗೆದು ನೋಡಿ. ಅಜ್ಜ ಅಜ್ಜಿಯರು ಇನ್ನೂ ಇದ್ದರೆ, ಎಲ್ಲಿ ಇಟ್ಟಿರಿ ಎಂದು ಕೇಳುವುದಕ್ಕೆ ಮುಂಚೆ, ಯಾರದು ಎಂದು ಕೇಳಿ ಬರೆದಿಟ್ಟುಕೊಳ್ಳಿ.