ಯಜಮಾನನಿಗೆ ಪ್ರತಿನಿಧಿಯುಂಟೆ?

ಒಂದು ಕ್ಷೇತ್ರದ ಜನರು ಆರಿಸಿ ಶಾಸನಸಭೆಗೆ ಕಳುಹಿದವನನ್ನು ನಾವು ಪ್ರತಿನಿಧಿಯೆಂದು ಕರೆಯುತ್ತೇವೆ. ಈ ಮಾತು ನಮ್ಮ ನಾಡಿಗೆ ಹೊಸದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಭೂಹಿಡುವಳಿದಾರರೂ ವರ್ತಕರೂ ಆದ 144 ಮಂದಿಯನ್ನು ದಸರೆಯ ಕಾಲದಲ್ಲಿ ಮೈಸೂರಿಗೆ ಕರೆಸಿ ಕೂಡಿಸಿದಾಗ, ಆ ಕೂಟಕ್ಕೆ ಪ್ರಜಾಪ್ರತಿನಿಧಿ ಸಭೆಯೆಂಬ ಹೆಸರು ನಿಂತಿತು. ಆ ಸಭೆಗೆ ಅಹವಾಲು ಹೇಳುವ ಅವಕಾಶವಿದ್ದಿತು, ಆಜ್ಞೆ ಮಾಡುವ ಅಧಿಕಾರವಿರಲಿಲ್ಲ. ರಾಜ್ಯದ ಒಡೆತನ ಅರಸರದು. 1950ರಲ್ಲಿ ಭಾರತದ ಸಂವಿಧಾನವು ಜಾರಿಗೆ ಬಂದ ಮೇಲೆ ಒಡೆತನವು ಪ್ರಜೆಗಳ ಕೈಗೆ ಬಂತು. ಪ್ರತಿನಿಧಿಯೆಂಬ ಹೆಸರು ಮಾತ್ರ ಹಾಗೆಯೇ ಉಳಿಯಿತು. ಅರಸನ ಮುಂದೆ ನಿಂತು ಬಿನ್ನವಿಸುವವನಿಗೂ, ಒಡೆಯನ ಪರವಾಗಿ ನಿಂತು ಕಾಯಿದೆ ಮಾಡುವವನಿಗೂ ಅದೇ ಶಬ್ದವು ಸಲ್ಲುತ್ತಿರುವಾಗ, ಅದರ ಅರ್ಥವನ್ನು ಒಮ್ಮೆ ವಿಚಾರಿಸುವುದು ಅನುಚಿತವಾಗಲಾರದು.

ಪ್ರಶ್ನೆಯು ಇಷ್ಟೆ: ಸಭೆಯಲ್ಲಿ ಎದ್ದು ನಿಂತ ಪ್ರತಿನಿಧಿಯು ಯಾರ ಮನಸ್ಸನ್ನು ನುಡಿಯಬೇಕು? ತನ್ನದನ್ನೊ, ತನ್ನನ್ನು ಕಳುಹಿದವರದನ್ನೊ?

ಅವನು ಜನರ ದೂತನೆಂಬುದು ಮೊದಲನೆಯ ಪಕ್ಷ. ಜನರು ಹೇಳಿಕಳುಹಿದುದನ್ನು ಅಕ್ಷರ ತಪ್ಪದೆ ಒಪ್ಪಿಸುವುದೇ ಅವನ ಧರ್ಮ. ಕೇಳುವುದಕ್ಕೆ ಇದು ನ್ಯಾಯವಾಗಿಯೇ ಇದೆ. ಆದರೆ ದೂತನಿಗೆ ಸಂದೇಶವೊಂದು ಬೇಕಷ್ಟೆ? ಕರ್ಣಾಟಕದ ವಿಧಾನಸಭೆಯಲ್ಲಿ ಚುನಾಯಿತರಾದ 224 ಸದಸ್ಯರ ಮುಂದೆ ಬರುವ ನೂರಾರು ವಿಷಯಗಳಲ್ಲಿ ಬಹುಪಾಲಿನ ಮೇಲೆ ಮತದಾರರನ್ನು ಯಾರೂ ಕೇಳಿರುವುದಿಲ್ಲ. ಕೇಳಿದರೂ ಒಂದೇ ಉತ್ತರವು ಬರುವುದಿಲ್ಲ. 2004ರ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಗೆದ್ದವರಿಗೆ 40,752 ಮತಗಳೂ ಸೋತವರಿಗೆ 40,751 ಮತಗಳೂ ಬಿದ್ದುವು. ಒಂದೇ ಒಂದು ಮತದ ಅಂತರ! ಹೀಗೆ ಸರಿಪಾಲಾಗಿ ಒಡೆದ ಕ್ಷೇತ್ರದಿಂದ ಹೋದ ದೂತನು ಯಾವ ಅರ್ಧದ ಸಂದೇಶವನ್ನು ಒಪ್ಪಿಸಬೇಕು?

ಎರಡನೆಯ ಪಕ್ಷವನ್ನು 1774ರಲ್ಲಿ ಇಂಗ್ಲೆಂಡಿನ ಎಡ್ಮಂಡ್ ಬರ್ಕನು ಬ್ರಿಸ್ಟಲ್ ನಗರದ ಮತದಾರರ ಎದುರಿನಲ್ಲಿಯೇ ಮಂಡಿಸಿದನು. ಪ್ರತಿನಿಧಿಯು ತನ್ನ ದುಡಿಮೆಯನ್ನು ಮಾತ್ರವಲ್ಲದೆ ತನ್ನ ವಿವೇಕವನ್ನೂ ಜನರಿಗೆ ಸಲ್ಲಿಸಬೇಕು. ಅವರ ಅಭಿಪ್ರಾಯಕ್ಕೆ ತನ್ನ ವಿವೇಕವನ್ನು ಬಲಿಗೊಟ್ಟರೆ ಅವರಿಗೆ ದ್ರೋಹ ಮಾಡಿದಂತೆ—ಇದು ಅವನ ಮತದ ಸಾರ. ಈ ಮಾತಿನಲ್ಲಿ ಗಾಂಭೀರ್ಯವಿದೆ, ಧೈರ್ಯವೂ ಇದೆ. ಆದರೆ ಇದನ್ನು ಕೊನೆಯವರೆಗೆ ಎಳೆದರೆ ಜನರು ಅಪ್ರಾಪ್ತವಯಸ್ಕರೂ ಪ್ರತಿನಿಧಿಯು ಅವರ ಪೋಷಕನೂ ಆಗಿಬಿಡುತ್ತಾರೆ. ಇದಲ್ಲದೆ ನಮ್ಮ ದೇಶದಲ್ಲಿ 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿಯು ಸೇರಿದ ಮೇಲೆ, ಪಕ್ಷದ ಆದೇಶವನ್ನು ಮೀರಿ ಮತ ಹಾಕಿದ ಸದಸ್ಯನು ಸ್ಥಾನವನ್ನೇ ಕಳೆದುಕೊಳ್ಳಬೇಕಾದೀತು. ಅಂದ ಮೇಲೆ ಸ್ವವಿವೇಕದ ಮಾತು ಎಷ್ಟರಮಟ್ಟಿಗೆ ನಿಂತೀತು? ಜನ, ಆತ್ಮಸಾಕ್ಷಿ, ಪಕ್ಷ ಎಂಬ ಮೂವರ ನಡುವೆ ಅವನು ನಿಂತಿದ್ದಾನೆ.

ಈ ತೊಡಕಿನಲ್ಲಿ ನಮ್ಮ ಪೂರ್ವಿಕರ ಶಾಸ್ತ್ರವೊಂದು ನೆರವಾಗಬಹುದೆಂದು ನನಗೆ ತೋರುತ್ತದೆ. ಪ್ರತಿನಿಧಿಯೆಂಬ ಶಬ್ದವನ್ನು ಸೂಕ್ಷ್ಮವಾಗಿ ವಿಚಾರಮಾಡಿದವರು ರಾಜನೀತಿಜ್ಞರಲ್ಲ, ಮೀಮಾಂಸಕರು. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಈ ಚರ್ಚೆಯು ಬರುತ್ತದೆ. ಯಾಗಕ್ಕೆ ವಿಧಿಸಿದ ಪದಾರ್ಥವು ದೊರೆಯದಿದ್ದರೆ ಅದಕ್ಕೆ ಬದಲಾಗಿ ಏನನ್ನು ತರಬಹುದು, ಏನನ್ನು ತರಬಾರದು ಎಂಬುದು ಅಲ್ಲಿಯ ವಿಷಯ. ಯಾಗವೇ ಬೇರೆ, ರಾಜ್ಯವೇ ಬೇರೆ. ಉಪಮಾನವು ಎಲ್ಲ ಅಂಶಗಳಲ್ಲಿಯೂ ಹೊಂದಬೇಕೆಂದಿಲ್ಲ. ಆದರೂ ಅಲ್ಲಿಯ ನಾಲ್ಕು ನಿರ್ಣಯಗಳು ಇಲ್ಲಿಗೆ ಸಲ್ಲುವಂತಿವೆ.

ಮೊದಲನೆಯದು: ಭತ್ತಕ್ಕೆ ಬದಲು ನೀವಾರವೆಂಬ ಕಾಡುಧಾನ್ಯವನ್ನು ತರಬಹುದು, ಆದರೆ ಯಜಮಾನನಿಗೆ ಬದಲು ಯಜಮಾನನನ್ನು ತರಲಾಗದು. ಏಕೆಂದರೆ ಸಂಕಲ್ಪವು ಅವನದು, ಫಲವೂ ಅವನದು. ಹಲವರು ಯಜಮಾನರು ಕೂಡಿ ನಡೆಸುವ ಸತ್ರದಲ್ಲಿ ಒಬ್ಬನು ನಡುವೆ ತೀರಿಹೋದರೆ, ಸಂಖ್ಯೆಯು ಕೊರತೆಯಾಗದಂತೆ ಮತ್ತೊಬ್ಬನನ್ನು ಕೂಡಿಸಿಕೊಳ್ಳುವುದುಂಟು. ಹಾಗೆ ಬಂದವನು ಸ್ವಾಮಿಯಾಗುವನೆ ಎಂದು ಪೂರ್ವಪಕ್ಷ. ಇಲ್ಲ, ಅವನು ಕರ್ಮಕರನು, ಕೆಲಸಕ್ಕೆ ಬಂದವನು, ಫಲವು ಅವನದಲ್ಲವೆಂದು ಸಿದ್ಧಾಂತ. ಆದರೆ ಯಜಮಾನನು ಪಾಲಿಸಬೇಕಾಗಿದ್ದ ನಿಯಮಗಳನ್ನೆಲ್ಲ ಅವನು ಪಾಲಿಸಲೇಬೇಕು. ಒಡೆತನವಿಲ್ಲ, ಒಡೆಯನ ವ್ರತವುಂಟು! ಶಾಸಕನ ಸ್ಥಿತಿಯನ್ನು ಇದಕ್ಕಿಂತ ಅಡಕವಾಗಿ ಹೇಳುವುದು ಕಷ್ಟ. ಒಂದು ಮತದಿಂದ ಗೆದ್ದವನಾದರೂ ಸೋತ ಪಕ್ಷದ 40,751 ಜನರೂ ಅವನ ಯಜಮಾನರೇ. ಮತಗಟ್ಟೆಗೆ ಬಾರದವರೂ, ಮತದ ವಯಸ್ಸಾಗದ ಮಕ್ಕಳೂ ಯಜಮಾನರೇ. ಸಂತೆಮರಹಳ್ಳಿಯೆಂಬ ಹೆಸರಿನ ಕ್ಷೇತ್ರವು 2008ರ ಮರುವಿಂಗಡಣೆಯ ಬಳಿಕ ಇಲ್ಲ. ಅಲ್ಲಿಯ ಜನರು ಇದ್ದಾರೆ. ಕ್ಷೇತ್ರವು ನಾವು ಎಳೆದ ಗೆರೆ, ಒಡೆತನವು ಗೆರೆಯದಲ್ಲ.

ಎರಡನೆಯದು: ಬದಲಿಯು ಮೂಲಕ್ಕೆ ಸದೃಶವಾಗಿರಬೇಕು. ಆದಕಾರಣ ‘ನಮ್ಮಂಥವನು ನಮ್ಮ ಪರವಾಗಿ ಇರಲಿ’ ಎಂಬ ಜನರ ಆಸೆಯು ತಿರಸ್ಕರಿಸತಕ್ಕದ್ದಲ್ಲ. ವಿಧಾನಸಭೆಯ 224 ಸ್ಥಾನಗಳಲ್ಲಿ 36 ಪರಿಶಿಷ್ಟ ಜಾತಿಗಳಿಗೂ 15 ಪರಿಶಿಷ್ಟ ಪಂಗಡಗಳಿಗೂ ಮೀಸಲಾಗಿರುವುದಕ್ಕೆ ಈ ನ್ಯಾಯದ ಬೆಂಬಲವಿದೆ. ಶತಮಾನಗಳ ಕಾಲ ಯಾವ ಸಭೆಯ ಬಾಗಿಲನ್ನೂ ಕಾಣದ ಜನರ ಮುಖವು ಸಭೆಯಲ್ಲಿ ಕಾಣಬೇಡವೆ? ಆದರೆ ಸಾದೃಶ್ಯವೊಂದೇ ಸಾಲದೆಂದೂ ಶಾಸ್ತ್ರವು ಎಚ್ಚರಿಸುತ್ತದೆ. ಹೆಸರುಕಾಳು ಸಿಕ್ಕದಿದ್ದಾಗ ಉದ್ದು ಅದನ್ನು ಹೋಲುತ್ತದೆಯೆಂದು ತರಹೊರಟರೆ ಸಲ್ಲದು. ಉದ್ದು ಯಜ್ಞಕ್ಕೆ ನಿಷಿದ್ಧ. ಹೋಲಿಕೆಯು ನಿಷೇಧವನ್ನು ತೊಡೆಯಲಾರದು. ನಮ್ಮ ಜಾತಿಯವನು, ನಮ್ಮ ಊರಿನವನು ಎಂಬ ಒಂದೇ ಕಾರಣದಿಂದ ಲಂಚಕೋರನನ್ನೊ ಕ್ರೂರಿಯನ್ನೊ ಕಳುಹುವವರು ಈ ಅಧಿಕರಣವನ್ನು ನೆನೆಯಬೇಕು. ನೀವಾರವನ್ನು ಆರಿಸಿದ್ದು ಅದು ನಮ್ಮ ಗದ್ದೆಯ ಬದುವಿನಲ್ಲಿ ಬೆಳೆಯಿತೆಂದಲ್ಲ. ಕರ್ಮಕ್ಕೆ ಬೇಕಾದ ಗುಣವು ಅದರಲ್ಲಿದೆಯೆಂದು.

ಮೂರನೆಯದು ಇನ್ನೂ ಸೂಕ್ಷ್ಮ. ತಂದ ಬದಲಿಯೂ ಕೆಟ್ಟುಹೋದರೆ ಮುಂದೇನು? ಆ ಬದಲಿಯನ್ನು ಹೋಲುವುದನ್ನು ಹುಡುಕಬಾರದು, ಮೂಲವನ್ನು ಹೋಲುವುದನ್ನೇ ಹುಡುಕಬೇಕು; ಬದಲಿಗೆ ಬದಲಿಯಿಲ್ಲ. ಶಾಸಕನು ಗತಿಸಿದಾಗ ಅವನ ಮಗನೊ ಪತ್ನಿಯೊ ಸಹೋದರನೊ ಅವನನ್ನು ಹೋಲುತ್ತಾರೆಂದು ಆ ಸ್ಥಾನಕ್ಕೆ ಕೂಡಿಸುವ ವಾಡಿಕೆಯು ನಮ್ಮಲ್ಲಿ ಬಲವಾಗಿದೆ. ಅವರು ಯೋಗ್ಯರಾಗಿರಬಾರದೆಂದಲ್ಲ. ಆದರೆ ಕೇಳಬೇಕಾದ ಪ್ರಶ್ನೆ, ಇವರು ಗತಿಸಿದವರನ್ನು ಹೋಲುವರೆ ಎಂಬುದಲ್ಲ, ಪ್ರಜೆಗಳನ್ನು ಹೋಲುವರೆ ಎಂಬುದು.

ನಾಲ್ಕನೆಯದು: ಮೂಲವೇ ದೊರೆತಾಗ ಬದಲಿಗೆ ಎಡೆಯಿಲ್ಲ. ಯಾವ ಕೆಲಸವನ್ನು ಜನರು ತಾವೇ ಕೂಡಿ ನಿರ್ಣಯಿಸಬಲ್ಲರೊ ಅಲ್ಲಿ ಪ್ರತಿನಿಧಿಯು ಅಡ್ಡ ಬರಬಾರದು. 1993ರ ಪಂಚಾಯತ್ ರಾಜ್ ಕಾಯಿದೆಯು ಗ್ರಾಮಸಭೆಯನ್ನು ಏರ್ಪಡಿಸಿರುವುದು ಇದಕ್ಕಾಗಿಯೇ. ಆ ಸಭೆಗೆ ಹೋಗದೆ, ಚರಂಡಿಗೂ ಬೀದಿದೀಪಕ್ಕೂ ಶಾಸಕನ ಮನೆಯ ಜಗಲಿಯಲ್ಲಿ ಕಾಯುವ ಗ್ರಾಮಸ್ಥನು ತನ್ನ ಯಜಮಾನಿಕೆಯನ್ನು ತಾನೇ ಕಳಚಿಕೊಡುತ್ತಾನೆ.

ಈಗ ಮೂಲಪ್ರಶ್ನೆಗೆ ಬರೋಣ. ಪ್ರತಿನಿಧಿಯು ಬರಿಯ ದೂತನೂ ಅಲ್ಲ, ಪೋಷಕನೂ ಅಲ್ಲ. ಯಜಮಾನನು ಋತ್ವಿಜನಿಗೆ ಮಂತ್ರದ ಸ್ವರವನ್ನು ಕಲಿಸಹೋಗುವುದಿಲ್ಲ. ಋತ್ವಿಜನು ಯಜಮಾನನ ಸಂಕಲ್ಪವನ್ನು ತಿದ್ದಹೋಗುವುದಿಲ್ಲ. ಗುರಿಯು ಪ್ರಜೆಗಳದು, ಗುರಿಗೆ ಸಾಗುವ ದಾರಿಯಲ್ಲಿ ಪ್ರತಿನಿಧಿಯ ವಿವೇಕಕ್ಕೆ ಸ್ವಾತಂತ್ರ್ಯವಿದೆ. ಗುರಿಯಲ್ಲಿಯೇ ಅವನ ಆತ್ಮಸಾಕ್ಷಿಯು ಒಪ್ಪದಾದರೆ ಅವನು ಹಿಂದಿರುಗಿ ಬಂದು ಜನರೆದುರು ಅದನ್ನು ಹೇಳಬೇಕು. ಐರ್ಲೆಂಡಿನ ವ್ಯಾಪಾರಕ್ಕೂ ಕೆಥೊಲಿಕರ ಹಕ್ಕುಗಳಿಗೂ ಪರವಾಗಿ ನಿಂತು ತನ್ನ ಮತದಾರರ ಮುನಿಸಿಗೆ ಗುರಿಯಾದ ಬರ್ಕನು 1780ರಲ್ಲಿ ಬ್ರಿಸ್ಟಲಿನ ಚುನಾವಣೆಯ ಕಣದಿಂದ ಹಿಂದೆ ಸರಿಯಬೇಕಾಯಿತು. ಅವನ ಸಿದ್ಧಾಂತಕ್ಕಿಂತಲೂ ಆ ನಡತೆಯು ನನಗೆ ಹೆಚ್ಚು ಮಾನ್ಯವಾಗಿ ಕಾಣುತ್ತದೆ. ಅವನು ಭಿನ್ನವಾಗಿ ನಡೆದನು, ಮುಚ್ಚಿಡಲಿಲ್ಲ, ಬೆಲೆಯನ್ನು ತೆತ್ತನು.

ಇಲ್ಲಿ ಒಂದು ಬಲವಾದ ಆಕ್ಷೇಪವು ಏಳುತ್ತದೆ. 2019ರಲ್ಲಿ ನಮ್ಮ ವಿಧಾನಸಭೆಯ 17 ಸದಸ್ಯರು ಅನರ್ಹರೆಂದು ಸಭಾಧ್ಯಕ್ಷರು ತೀರ್ಪಿತ್ತರು. ಸರ್ವೋಚ್ಚ ನ್ಯಾಯಾಲಯವು ನವೆಂಬರಿನಲ್ಲಿ ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಸ್ಪರ್ಧಿಸುವುದಕ್ಕೆ ಅವರಿಗೆ ಅಡ್ಡಿಯಿಲ್ಲವೆಂದಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಮರುಚುನಾವಣೆ ನಡೆದಾಗ, ಹೊಸ ಪಕ್ಷದಿಂದ ನಿಂತ ಅವರಲ್ಲಿ ಹೆಚ್ಚಿನವರನ್ನು ಜನರೇ ಗೆಲ್ಲಿಸಿದರು. ಯಜಮಾನನೇ ಒಪ್ಪಿದ ಮೇಲೆ ದೋಷವೆಲ್ಲಿ ಎಂದು ಕೇಳಬಹುದು. ಉತ್ತರವು ಕಠಿಣವಾಗಿದೆ: ಯಜಮಾನನೂ ವಿಧಿಗೆ ಅಧೀನನೇ. ನಿಷಿದ್ಧ ಧಾನ್ಯವನ್ನು ಅವನು ಒಪ್ಪಿದ ಮಾತ್ರಕ್ಕೆ ಅದು ಹವಿಸ್ಸಾಗದು. ಜನರು ಒಪ್ಪಿದರೆಂಬುದರಿಂದ ಒಂದು ನಡತೆಯು ಸಾಧುವಾಯಿತೆಂದು ಸಿದ್ಧವಾಗುವುದಿಲ್ಲ. ಅದು ಸಾಧುವಾಗಿದ್ದರೂ ಅಸಾಧುವಾಗಿದ್ದರೂ ಅದರ ಹೊಣೆಯು ಇನ್ನು ಮೇಲೆ ಜನರದೂ ಆಯಿತೆಂಬುದು ಮಾತ್ರ ಸಿದ್ಧವಾಗುತ್ತದೆ.

ಈ ಹೊಣೆಯ ಮಾತನ್ನೇ ವಿದ್ಯಾವಂತ ಕುಟುಂಬಗಳ ಮುಂದೆ ಇಡಬೇಕೆಂದು ನನ್ನ ಆಸೆ. ‘ರಾಜಕೀಯವು ಕೆಟ್ಟಿದೆ, ನಮಗೇಕೆ’ ಎಂದು ಮತದಾನದ ದಿನ ಮನೆಯಲ್ಲಿ ಕೂರುವುದು ಸುಸಂಸ್ಕೃತರ ಲಕ್ಷಣವೆಂದು ಕೆಲವರು ತಿಳಿದಿದ್ದಾರೆ. 2023ರಲ್ಲಿ ರಾಜ್ಯದಲ್ಲಿ ನೂರಕ್ಕೆ 73ರಷ್ಟು ಮತದಾರರು ಮತ ಹಾಕಿದರು. ಕಲಿತವರು ಕಿಕ್ಕಿರಿದಿರುವ ಬೆಂಗಳೂರಿನಲ್ಲಿ ಆ ಸಂಖ್ಯೆಯು 55ರ ಆಸುಪಾಸಿನಲ್ಲಿಯೇ ನಿಂತಿತು. ಅದೇ ವರ್ಷ ಅದೇ ನಗರದ ಜಯನಗರ ಕ್ಷೇತ್ರವು ಕೇವಲ 16 ಮತಗಳಿಂದ ನಿರ್ಣಯವಾಯಿತು. ಮನೆಯಲ್ಲಿ ಉಳಿದವರು ಆ ಫಲದಿಂದ ಹೊರಗೆ ಉಳಿದರೆ? ಕಾಯಿದೆಗಳು ಅವರಿಗೂ ಅನ್ವಯಿಸಿದುವು, ತೆರಿಗೆಯನ್ನು ಅವರೂ ತೆತ್ತರು.

ಮತ ಹಾಕಿದವರ ಕೆಲಸವೂ ಅಲ್ಲಿಗೆ ಮುಗಿಯುವುದಿಲ್ಲ. ನಮ್ಮ ಶಾಸಕನು ಮದುವೆ ಮುಂಜಿಗಳಿಗೆ ಬಂದನೆ ಎಂದು ವಿಚಾರಿಸುವಷ್ಟೇ ಶ್ರದ್ಧೆಯಿಂದ, ಸಭೆಯಲ್ಲಿ ಅವನು ಏನು ನುಡಿದನು, ಯಾವುದಕ್ಕೆ ಕೈಯೆತ್ತಿದನು ಎಂಬುದನ್ನೂ ವಿಚಾರಿಸಬೇಕು. ತಪ್ಪಿದಾಗ ಪತ್ರ ಬರೆದು ಕೇಳಬೇಕು. ಸರಿಯಾಗಿ ನಡೆದಾಗ ಅದನ್ನು ನಾಲ್ವರಲ್ಲಿ ಹೇಳಬೇಕು. ಕೆಲಸವನ್ನು ಒಪ್ಪಿಸಬಹುದು, ಹೊಣೆಯನ್ನು ಒಪ್ಪಿಸಲಾಗದು. ಯಜಮಾನನಿಗೆ ಪ್ರತಿನಿಧಿಯಿಲ್ಲವೆಂಬ ಶಾಸ್ತ್ರದ ಮಾತಿಗೆ ಪ್ರಜೆಗಳ ಮಟ್ಟಿಗೆ ಇದೇ ಅರ್ಥವೆಂದು ನಾನು ತಿಳಿದಿದ್ದೇನೆ.