ಮಾತ್ರೆ ಇಲ್ಲದ ಮದ್ದು

‘ಯಾವ ಔಷಧಿಯನ್ನೂ ತೆಗೆದುಕೊಳ್ಳದೆ ಕುಡಿತ ಬಿಟ್ಟ’ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಟೈಫಾಯ್ಡ್ ವಾಸಿಯಾದವರ ಬಗ್ಗೆ ಯಾರೂ ಹೀಗೆ ಹೇಳುವುದಿಲ್ಲ. ಚಟವನ್ನು ಕಾಯಿಲೆಯೆಂದು ಬಾಯಲ್ಲಿ ಒಪ್ಪಿದರೂ ಮನಸ್ಸಿನಲ್ಲಿ ಅದಿನ್ನೂ ನಮಗೆ ತಪ್ಪು. ಮಾತ್ರೆ ಎಂಬುದು ಶಿಕ್ಷೆ ತಪ್ಪಿಸಿಕೊಳ್ಳುವ ಅಡ್ಡದಾರಿ. ನೀತಿಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಯಾದ ನನ್ನನ್ನು, ವ್ಯಸನಕ್ಕೆ ಸಂಗೀತ ಚಿಕಿತ್ಸೆ ಕೊಡುವ ಬಗ್ಗೆ ಓದುವಾಗಲೆಲ್ಲ ಕಾಡುವ ಪ್ರಶ್ನೆ ಇದು: ನಾವು ಅದನ್ನು ಮೆಚ್ಚುವುದು ಅದರಿಂದ ಗುಣವಾಗುತ್ತದೆಂದೋ, ಅದರಲ್ಲಿ ಔಷಧವಿಲ್ಲವೆಂದೋ?

ಗುಣದ ಪ್ರಶ್ನೆಗೆ ಒಂದಿಷ್ಟು ಉತ್ತರವಿದೆ. 2022ರ ಕೊಕ್ರೇನ್ ಪರಾಮರ್ಶೆ 21 ಪ್ರಯೋಗಗಳನ್ನು, ಸುಮಾರು 2000 ಜನರ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿತು. ಮಾಮೂಲು ಚಿಕಿತ್ಸೆಯ ಜೊತೆಗೆ ಸಂಗೀತ ಚಿಕಿತ್ಸೆಯೂ ಸೇರಿದಾಗ ಚಟದ ತುಡಿತ ತಗ್ಗಬಹುದು, ಚಿಕಿತ್ಸೆ ಪಡೆಯುವ ಮನಸ್ಸು ಹೆಚ್ಚಬಹುದು ಎಂದು ಕಂಡಿತು. ಖಿನ್ನತೆ, ಆತಂಕ ಕಡಿಮೆಯಾಗುತ್ತವೆ ಎಂಬುದಕ್ಕೆ ಸ್ಪಷ್ಟ ಆಧಾರ ಸಿಗಲಿಲ್ಲ. ಇಲ್ಲಿ ಗಮನಿಸಬೇಕಾದ ಪದ ‘ಜೊತೆಗೆ’. ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್, ಸನ್ನಿ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಆಗ ಮೊದಲು ಬೇಕಾದವರು ವೈದ್ಯರು.

ನಾದ ಶುದ್ಧ, ಮಾತ್ರೆ ಅಶುದ್ಧ ಎಂಬ ಗೆರೆಯೂ ಗಟ್ಟಿಯಲ್ಲ. ಮೈ ಜುಮ್ಮೆನ್ನಿಸುವ ಸಂಗೀತ ಕೇಳುವಾಗ ಮಿದುಳಿನಲ್ಲಿ ಡೋಪಮಿನ್ ಬಿಡುಗಡೆಯಾಗುತ್ತದೆಂದು ಮಾಂಟ್ರಿಯಲ್‌ನ ಸಂಶೋಧಕರು 2011ರಲ್ಲಿ ತೋರಿಸಿದರು. ಮಾದಕ ವಸ್ತುಗಳು ಕೆಣಕುವುದೂ ಅದೇ ದಾರಿಯನ್ನೇ. ಕುಡಿಯುವಾಗ ಗೆಳೆಯರೊಡನೆ ಕೇಳುತ್ತಿದ್ದ ಹಾಡು, ಕುಡಿತ ಬಿಟ್ಟವನನ್ನು ಮತ್ತೆ ಬಾರಿನ ಬಾಗಿಲಿಗೆ ಎಳೆದೊಯ್ಯಲೂಬಹುದು.

ಹಾಗಿದ್ದೂ ಈ ಚಿಕಿತ್ಸೆಯಲ್ಲಿ ಮಾತ್ರೆಗಿಲ್ಲದ ಒಂದು ಗುಣವಿದೆ. ಇದು ಹೆಡ್‌ಫೋನ್ ಹಾಕಿ ಕೂರಿಸುವಷ್ಟಕ್ಕೆ ಮುಗಿಯುವುದಿಲ್ಲ. ತರಬೇತಿ ಪಡೆದ ಚಿಕಿತ್ಸಕರೊಡನೆ ಹಾಡುವುದು, ಡ್ರಮ್ ಬಾರಿಸುವುದು, ಹಾಡು ಕಟ್ಟುವುದು, ಸಾಹಿತ್ಯದ ಸಾಲುಗಳ ಬಗ್ಗೆ ಮಾತಾಡುವುದು ಎಲ್ಲವೂ ಇದರಲ್ಲಿ ಸೇರಿವೆ. ನುಂಗಿದ ಮಾತ್ರೆ ನಾವು ನಿದ್ದೆಯಲ್ಲಿದ್ದರೂ ತನ್ನ ಕೆಲಸ ಮಾಡುತ್ತದೆ. ಗುಂಪಿನಲ್ಲಿ ಬಾರಿಸುವಾಗ ಹಾಗಲ್ಲ. ಪಕ್ಕದವರ ಪೆಟ್ಟನ್ನು ನಾವು ಕೇಳಿಸಿಕೊಳ್ಳಬೇಕು, ನಮ್ಮ ಪೆಟ್ಟಿಗೆ ಅವರು ಕಾಯಬೇಕು. ‘ಕುಡುಕ’ ಎನ್ನಿಸಿಕೊಂಡು ಮನೆಯಲ್ಲಿ ತನ್ನ ಮಾತಿಗೆ ಬೆಲೆಯೇ ಇಲ್ಲದಂತಾದವನಿಗೆ, ಯಾರೋ ತನಗಾಗಿ ಒಂದು ಕ್ಷಣ ಕಾಯುವುದು ಸಣ್ಣ ಸಂಗತಿಯಲ್ಲ.

ಮಾತ್ರೆ ನುಂಗಿ ಕುಡಿತ ಬಿಟ್ಟವರ ಬಗ್ಗೆಯೂ ನಾವು ಅಷ್ಟೇ ಹೆಮ್ಮೆಯಿಂದ ಮಾತಾಡುವಂತಾಗಬೇಕು. ಆಗ ಔಷಧವನ್ನು ಸೋಲಿಸುವ ಹೊರೆ ಸಂಗೀತದ ತಲೆಯಿಂದ ಇಳಿಯುತ್ತದೆ. ವಾಸಿಯಾಗುತ್ತಿರುವವರ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವ ಕೆಲಸಕ್ಕೆ ಅದನ್ನು ಬಿಡಬಹುದು.